ಗೆದ್ದ ಗಾಡಿಯ ಮುಂದಿನ ಗೇರು

ನಾನು ಒಂದು ಡಿರೇಲರ್. ಹೆಸರು ಕೇಳಿ ಹೆದರಬೇಡಿ, ವಿಜಯಪುರದ ಕಡೆಯ ಸೈಕಲ್ ಹುಡುಗರು ನನ್ನನ್ನು ‘ಮುಂದಿನ ಗೇರು’ ಅಂತ ಕರೆಯುತ್ತಾರೆ. ಪೆಡಲ್ ಹತ್ತಿರ ಸಣ್ಣ, ದೊಡ್ಡ ಹಲ್ಲುಚಕ್ರಗಳು ಇರುತ್ತವಲ್ಲ, ಚೈನನ್ನು ಒಂದರಿಂದ ಇನ್ನೊಂದಕ್ಕೆ ತಳ್ಳುವುದು ನನ್ನ ಕೆಲಸ. ಹುಟ್ಟಿದ್ದು ಕಡಲಾಚೆಯ ಯಾವುದೋ ಕಾರ್ಖಾನೆಯಲ್ಲಿ. ತಗಡು ಒತ್ತಿ, ಬಾಗಿಸಿ, ಸ್ಪ್ರಿಂಗ್ ಕೂರಿಸಿ ನನ್ನನ್ನು ಮಾಡಿದರು. ಗುಡ್ಡ ಹತ್ತುವ ಸೈಕಲ್ಲಿಗೆಂದೇ ಮಾಡಿದರು. ಅದರ ಹಲ್ಲುಚಕ್ರಗಳು ಚಿಕ್ಕವು, ನನ್ನ ಬಾಗು ಅವುಗಳ ಅಂಚಿಗೆ ಸರಿಯಾಗಿ ಕೂರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಜನ ಅದನ್ನು ಬೈಗುಳವಾಗಿ ಬಳಸುತ್ತಾರೆ. ನನ್ನ ಮಟ್ಟಿಗೆ ಅದು ಬರೀ ಅಳತೆ.

ನನ್ನ ಮೊದಲ ಯಜಮಾನ ಯಲಗೂರೇಶ. ಬಿರಾದಾರ ಮಾಸ್ತರರು ತಮ್ಮ ಹೊಲದಂಚಿನಲ್ಲಿ ರೇಸು ಕಲಿಯುವ ಮಕ್ಕಳಿಗೆ ಸೈಕಲ್ ಹಾಸ್ಟೆಲ್ ಕಟ್ಟಿಸಿದ್ದರು, ಅವನು ಅಲ್ಲಿಯ ಹುಡುಗ. ಕಲ್ಲು, ಕೆಸರು, ಏರು ಅನ್ನದೆ ಓಡಿಸುತ್ತಿದ್ದ. ಅವನ ಹೆಬ್ಬೆರಳು ಗುಂಡಿ ಒತ್ತುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಗುಡ್ಡದ ರೇಸಿನಲ್ಲಿ ಅವನು ದೊಡ್ಡ ಪದಕ ಗೆದ್ದ. ನನ್ನ ಬಾಳಿನಲ್ಲಿ ಸುಖ ಅಂತ ಇದ್ದದ್ದು ಅಷ್ಟೇ.

ಆ ಹಾಸ್ಟೆಲಿನಲ್ಲಿ ಒಂದು ಪದ್ಧತಿ. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಗೆದ್ದ ಗಾಡಿಯಿಂದ ಒಂದು ಸಾಮಾನು ಬಿಚ್ಚಿ, ಮುಂದಿನ ರೇಸಿಗೆ ಹೋಗುವವರ ಗಾಡಿಗೆ ಹಾಕುತ್ತಾರೆ. ಗೆದ್ದ ಗುಣ ಕೈ ದಾಟುತ್ತದಂತೆ. ಪ್ರತಿ ವರ್ಷ ಸೀಟೋ ಪೆಡಲ್ಲೋ ಹೋಗುತ್ತಿತ್ತು, ಯಾರಿಗೂ ಕೇಡಾಗುತ್ತಿರಲಿಲ್ಲ. ಆ ವರ್ಷ ದಾನಮ್ಮನ ಗಾಡಿಯ ಮುಂದಿನ ಗೇರಿನ ಸ್ಪ್ರಿಂಗ್ ಮುರಿದಿತ್ತು. ಮಾಸ್ತರರ ಕಣ್ಣು ನನ್ನ ಮೇಲೆ ಬಿತ್ತು.

ದಾನಮ್ಮ ಮಾತು ಕಡಿಮೆಯ ಹುಡುಗಿ, ಸೈಕಲ್ ಹತ್ತಿದರೆ ಮಾತ್ರ ಮುಖ ಅರಳುತ್ತಿತ್ತು. ಅವಳಿಗೆ ಮುಂದಿನ ರೇಸು ಕೊನೆಯ ಅವಕಾಶ. ರಾಜ್ಯ ತಂಡಕ್ಕೆ ಆಯ್ಕೆಯಾಗದಿದ್ದರೆ ಹಾಸ್ಟೆಲ್ ಬಿಡಬೇಕು, ಸೈಕಲ್ ಹಾಸ್ಟೆಲಿನದಾದ್ದರಿಂದ ಅದನ್ನೂ ಬಿಡಬೇಕು. ನನ್ನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

“ಸರ್, ಇದು ಗುಡ್ಡದ ಗಾಡೀದು. ನಂದು ರೋಡಿನ ಗಾಡಿ. ಇದು ಕೂಡಂಗಿಲ್ರಿ. ಪುಣೆದಿಂದ ನಮ್ಮ ಗಾಡೀದ ಬರತೈತಲ್ರಿ, ನಾಕ ದಿನ ಕಾಯೂಣ್ರಿ.”

“ಗೆದ್ದ ಗಾಡೀದು ಬ್ಯಾಡ ಅನಬಾರದವ್ವ. ಹೊಂದಿಕೊಂತೈತಿ. ಹೊಸಾ ಸೊಸಿ ಮನಿಗಿ ಹೊಂದಂಗಿಲ್ಲೇನು?”

ಹೊಂದಿಸಿದರು, ಹೇಗೆ ಅಂತ ಕೇಳಿ. ನನ್ನನ್ನು ಗಾಡಿಗೆ ಬಿಗಿಯುವ ಹಿಡಿಕಟ್ಟು ದಪ್ಪ ಕೊಳವೆಗೆ ಮಾಡಿದ್ದು, ಅವಳ ಗಾಡಿಯ ಕೊಳವೆ ಸಣ್ಣ. ಹಳೆ ಟ್ಯೂಬಿನ ರಬ್ಬರ್ ಪಟ್ಟಿ ಕತ್ತರಿಸಿ ಸುತ್ತಿ, ಅದರ ಮೇಲೆ ನನ್ನನ್ನು ಬಿಗಿದರು. ಅವಳ ದೊಡ್ಡ ಹಲ್ಲುಚಕ್ರದ ಮುಂದೆ ನನ್ನ ಬಾಗು ಗಿಡ್ಡ. ಅವಳ ಹ್ಯಾಂಡಲಿನ ಗೇರು ತಂತಿಯನ್ನು ಎಳೆಯುವುದೂ ನನಗೆ ಬೇಕಾದಷ್ಟಲ್ಲ, ಅರೆಹೊಟ್ಟೆ ಊಟ. ಆದರೂ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಕೈಯಲ್ಲಿ ಪೆಡಲ್ ತಿರುಗಿಸಿದಾಗ ಚೈನು ಹೇಗೋ ಮೇಲೇರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಯಿ ಒಡೆದು ನನಗೆ ಅರಿಷಿಣ ಕುಂಕುಮ ಹಚ್ಚಿದರು. ಕುಂಕುಮ ಹಚ್ಚಿದರೆ ಅಳತೆ ಬದಲಾಗುತ್ತದೆಯೇ? ನನಗೆ ಸಿಟ್ಟು ಬಂತು. ಬಾಯಿಲ್ಲದವನ ಸಿಟ್ಟು ದವಡೆಗೆ ಮೂಲ ಕೂಡ ಅಲ್ಲ.

ರೇಸಿನ ದಿನ ಜಮಖಂಡಿ ರಸ್ತೆಯಲ್ಲಿ ದಾನಮ್ಮ ಮುಂದಿನ ಗುಂಪನ್ನು ಒಮ್ಮೆಯೂ ಬಿಡಲಿಲ್ಲ. ಕೊನೆಯ ನೇರ ದಾರಿ ಬಂತು, ಗೆರೆ ಕಾಣುತ್ತಿತ್ತು. ಮುಂದೆ ಇಬ್ಬರೇ ಇದ್ದರು, ಇಬ್ಬರೂ ದಣಿದಿದ್ದರು. ವೇಗ ಹೆಚ್ಚಿಸಲು ಚೈನನ್ನು ದೊಡ್ಡ ಚಕ್ರಕ್ಕೆ ಹಾಕಬೇಕು, ಅವಳು ಗೇರು ಒತ್ತಿದಳು. ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಳ್ಳಿದೆ. ಚೈನು ಹಲ್ಲಿಗೆ ಉಜ್ಜಿತು, ಏರಲಿಲ್ಲ. ಅವಳು ಮತ್ತೆ ಒತ್ತಿದಳು, ಜೋರಾಗಿ. ಹಿಡಿಕಟ್ಟಿನ ಕೆಳಗೆ ರಬ್ಬರ್ ಜಾರಿತು, ನಾನು ಓರೆಯಾಗಿ ತಿರುಗಿದೆ, ಚೈನು ದೊಡ್ಡ ಚಕ್ರವನ್ನೂ ದಾಟಿ ಹೊರಗೆ ಬಿತ್ತು.

ಅವಳ ಕಾಲುಗಳು ಗಾಳಿಯಲ್ಲಿ ತಿರುಗಿದವು. ಒಬ್ಬೊಬ್ಬರಾಗಿ ಎಲ್ಲರೂ ದಾಟಿ ಹೋದರು. ದಾನಮ್ಮ ಕೆಳಗಿಳಿದು, ಗಾಡಿ ತಳ್ಳಿಕೊಂಡು ಗೆರೆಯವರೆಗೂ ಓಡಿದಳು. ಅವಳ ಕಣ್ಣೀರು ನನ್ನ ಮೇಲೆ ಬಿತ್ತು, ಕುಂಕುಮ ಕರಗಿ ಇಳಿಯಿತು.

“ನಿನಗ ನಂಬಿಕಿ ಇರಲಿಲ್ಲ, ಅದಕ್ಕ ಹಿಂಗಾತು” ಅಂದರು ಮಾಸ್ತರರು.

ಹಾಸ್ಟೆಲ್ ಬಿಡುವ ದಿನ ಅವಳು ನನ್ನನ್ನು ಬಿಚ್ಚಿ, ಒರೆಸಿ, ಮಾಸ್ತರರ ಮೇಜಿನ ಮೇಲಿಟ್ಟಳು.

“ಸರ್, ತಪ್ಪು ನಂದಲ್ರಿ. ಈ ಗೇರಿಂದೂ ಅಲ್ರಿ. ಕೂಡಲಾರದ್ದನ್ನ ಕೂಡಿಸಿದ್ದು ತಪ್ಪು.”

“ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ” ಅಂದು ಅವರು ನಕ್ಕರು. ದಾನಮ್ಮ ಚೀಲ ಎತ್ತಿಕೊಂಡು ಹೊರಟಳು. ಆದರೆ ನೆಲ ನಿಜಕ್ಕೂ ಡೊಂಕಿತ್ತು. ಆ ನೆಲ ನಾನೇ, ನನಗೆ ಗೊತ್ತಿಲ್ಲವೇ?

ಆಮೇಲೆ ಪುಣೆಯಿಂದ ಸರಿಯಾದ ಗೇರು ಬಂತು. ಅದನ್ನು ಅದೇ ಗಾಡಿಗೆ ಹಾಕಿದರು, ಇನ್ನೊಬ್ಬ ಹುಡುಗಿ ಅದರಲ್ಲೇ ಓಡಿಸಿ ಆಯ್ಕೆಯಾದಳು. ಅವಳಿಗೆ ನಂಬಿಕೆಯಿತ್ತು ಅಂದರು. ನನ್ನನ್ನು ಯಲಗೂರೇಶನ ಪದಕದ ಪಕ್ಕ, ಗಾಜಿನ ಕಪಾಟಿನಲ್ಲಿಟ್ಟರು. ಗೆದ್ದ ಗಾಡಿಯ ಸಾಮಾನು ಸೋಲಿಸುತ್ತದೆಯೇ ಅನ್ನುವುದು ಅವರ ಲೆಕ್ಕ. ಸೋತವಳು ಮನೆಗೆ ಹೋದಳು, ಸೋಲಿಸಿದವನಿಗೆ ವರ್ಷ ವರ್ಷ ಪೂಜೆ. ಗುಜರಿಗೆ ಹಾಕಿದ್ದರೆ ಕರಗಿ ಮೊಳೆಯಾದರೂ ಆಗುತ್ತಿದ್ದೆ. ಮೊಳೆ ಯಾರಿಗಾದರೂ ಒಂದು ಅಂಗಿ ತೂಗುಹಾಕಲು ಆಗುತ್ತದೆ.

ಸ್ಪ್ರಿಂಗಿಗೆ ತುಕ್ಕು ಹಿಡಿದಿದೆ. ಇನ್ನು ನನ್ನನ್ನು ಯಾರೂ ಮುಟ್ಟಲಾರರು ಅಂದುಕೊಂಡಿದ್ದೆ. ಇವತ್ತು ಖಂಡೆ ಪೂಜೆ. ಬೆಳಿಗ್ಗೆ ಮಾಸ್ತರರು ಬಂದು ಕಪಾಟಿನ ಬೀಗ ತೆಗೆದರು. ಅವರ ಹಿಂದೆ ಹೊಸ ಹುಡುಗಿಯೊಬ್ಬಳು ಎರಡೂ ಕೈ ಮುಂದೆ ಚಾಚಿ ನಿಂತಿದ್ದಳು.

“ಯಲಗೂರೇಶಂದು ಐತವ್ವ. ನಿನ್ನ ಗಾಡಿಗಿ ಹಾಕೂಣು.”

“ನನ್ನ ಪುಣ್ಯಾರೀ ಸರ್” ಅಂದು ಅವಳು ನನ್ನನ್ನು ಕಣ್ಣಿಗೊತ್ತಿಕೊಂಡಳು.

ಈಗ ಅಂಗಳದಲ್ಲಿ ಯಾರೋ ಹಳೆ ಟ್ಯೂಬು ಕತ್ತರಿಸುತ್ತಿದ್ದಾರೆ.