ಗಾಳಿಯಲ್ಲಿ ನಿಂತ ಟೋಪಿ

ಹಿಲ್ಮರ್ ಬಲಗಾಲಿನ ಬೂಟಿನ ಮೇಲೆ ಉಣ್ಣೆಯ ಕಾಲುಚೀಲವನ್ನು ಎಳೆದುಕೊಂಡು, ಊನವಾದ ಎಡಗಾಲನ್ನು ಎರಡೂ ಕೈಗಳಿಂದ ಎತ್ತಿ ತೊಡೆಯ ಮೇಲಿಡುತ್ತಿದ್ದಾಗ ರಾಗ್ನರ್ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

"ಏನಯ್ಯಾ ಇದು ವೇಷ? ಅಣ್ಣನ್ನ ಮಣ್ಣು ಮಾಡೋಕೆ ಹೊರಟಿದ್ದೀಯೋ, ಕೊಟ್ಟಿಗೆ ಬಾಚೋಕೋ?"

"ಹೊರಗೆ ನೆಲ ಗಾಜಾಗಿದೆ. ಜಾರಿದ್ರೆ ನೀನು ಹಿಡ್ಕೋತೀಯಾ?"

"ನಾನು ಶವಪೆಟ್ಟಿಗೆ ಹಿಡ್ಕೊಂಡಿರ್ತೀನಿ ಮಾರಾಯ."

ರಾಗ್ನರ್ ನಗಹೊರಟ. ಹಿಲ್ಮರನ ಸತ್ತ ಅಣ್ಣ ಅಲ್ಬಿನ್ ಅಚ್ಚುಕಲ್ಲಿನ ಮೇಲೆ ಬರೆದ ಸಿನಿಮಾ ಭಿತ್ತಿಪತ್ರಗಳನ್ನೆಲ್ಲ ಅಚ್ಚು ಹಾಕಿದ ಕೈ ರಾಗ್ನರನದು. ಬೂಟಿನ ಮೇಲಿನ ಕಾಲುಚೀಲವನ್ನು ಒಮ್ಮೆ ನೋಡಿ ಅವನು ಮುಖ ತಿರುಗಿಸಿದ. ಕಾರಣ ಹಿಲ್ಮರನಿಗೆ ತಿಳಿಯಿತು. ಒಂದು ಚಿತ್ರದಲ್ಲಿ ಬೀಳುತ್ತಿದ್ದ ಮನುಷ್ಯ ಹೀಗೆಯೇ ಕಾಲುಚೀಲ ಹಾಕಿದ್ದ. ಹಿಲ್ಮರ್ ಅದನ್ನು ಕಳಚಿ ಜೇಬಿಗೆ ತುರುಕಿದ.

ಅತ್ತಿಗೆ ಎಡ್ಲಾ ಒಳಗಿನಿಂದ ಬಿಳಿ ಟೈ ತಂದಳು. ಪೆಟ್ಟಿಗೆ ಹೊರುವವರಲ್ಲಿ ರಕ್ತಸಂಬಂಧಿಗೆ ಮಾತ್ರ ಬಿಳಿಯದು, ಉಳಿದವರಿಗೆ ಕಪ್ಪು.

"ಬೇರೆ ಯಾರಾದ್ರೂ ಹೊರಲಿ ಅತ್ತಿಗೆ. ಅವನು ಬದುಕಿದ್ದಾಗ ಈ ಹೊಸ್ತಿಲು ತುಳಿದೋನಲ್ಲ ನಾನು."

"ಅವರೇ ಹೇಳಿಹೋದ್ರು. ಹಿಲ್ಮರ್ ಮುಂದೆ ಇರಲಿ, ಎಡಗಡೆ ಹಿಡೀಲಿ ಅಂತ. ಬಾಯಿ ಒಣಗಿತ್ತು, ಆದ್ರೂ ಮತ್ತೆ ಹೇಳಿದ್ರು, ಎಡಗಡೇನೇ ಅಂತ."

"ಯಾಕಂತೆ?"

"ಆ ಮನುಷ್ಯ ಯಾವತ್ತು ಕಾರಣ ಹೇಳಿದ್ದುಂಟು?"

"ನಾನು ಬಿದ್ರೆ?"

"ನೀನು ಬಿದ್ರೆ ಏಳ್ತೀಯ," ಎಂದು ಅವಳು ಟೈ ಬಿಗಿದಳು. "ಅವರು ಏಳೋ ಹಾಗಿಲ್ಲ."

ಹಿಲ್ಮರ್ ಹೆದರಿದ್ದು ಬೀಳುವುದಕ್ಕಲ್ಲ. ಅವನು ಬಿದ್ದರೆ ಯೆವ್ಲೆ ಪಟ್ಟಣ ನಗುತ್ತಿತ್ತು. ಅಣ್ಣನ ಪೆಟ್ಟಿಗೆಯ ಪಕ್ಕದಲ್ಲಿ ಆ ನಗೆಯನ್ನು ಇನ್ನೊಮ್ಮೆ ಕೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

* * *

ಆ ನಗೆ ಹುಟ್ಟಿದ್ದು ಬಹಳ ವರ್ಷಗಳ ಹಿಂದೆ, ಮೂಕಿಚಿತ್ರಗಳ ಕಾಲದಲ್ಲಿ. ಒಂದು ಚಳಿಗಾಲದಲ್ಲಿ ಹಾಸ್ಯಚಿತ್ರವೊಂದರ ಸುರುಳಿ ಇನ್ನೂ ಹಡಗಿನಲ್ಲಿತ್ತು. ಶನಿವಾರಕ್ಕೆ ಭಿತ್ತಿಪತ್ರ ಬೇಕಿತ್ತು. ಚಿತ್ರಮಂದಿರದ ಯಜಮಾನನ ಬಳಿ ನಾಯಕನ ಒಂದು ಫೋಟೋ ಸಹ ಇರಲಿಲ್ಲ. ಅವನಿಗೆ ತಿಳಿದದ್ದು ಇಷ್ಟೇ: ನಾಯಕ ಬೀಳುತ್ತಾನೆ.

ಬೀಳುವವನೊಬ್ಬನನ್ನು ಅಲ್ಬಿನ್ ಬಲ್ಲ. ಬಂದರಿನಲ್ಲಿ ಹಮಾಲಿಯಾಗಿದ್ದ ತಮ್ಮನ ಎಡಗಾಲು ಆ ವರ್ಷವೇ ಸರಪಳಿಗೆ ಸಿಕ್ಕಿ ನುಜ್ಜಾಗಿತ್ತು. ಮಂಜು ಬಿದ್ದ ಮೇಲೆ ಅವನು ಬೀದಿ ಬೀದಿಯಲ್ಲಿ ಬೀಳುತ್ತಿದ್ದ. ಅಲ್ಬಿನ್ ಅವನನ್ನೇ ಬರೆದ: ಕೆಂಪು ಹಿನ್ನೆಲೆ, ರೆಕ್ಕೆಯಂತೆ ಚಾಚಿದ ತೋಳು, ಗಾಳಿಯಲ್ಲಿ ಒಂದು ಕಾಲು, ತಲೆಯಿಂದ ಒಂದು ಗೇಣು ಮೇಲೆ ನಿಂತ ಟೋಪಿ. ಶನಿವಾರ ಬೆಳಗಾಗುವಷ್ಟರಲ್ಲಿ ಬಂದರಿನಿಂದ ರೈಲು ನಿಲ್ದಾಣದವರೆಗೆ ಒಂದೊಂದು ಹಲಗೆಬೇಲಿಯ ಮೇಲೂ ಹಿಲ್ಮರ್ ಬೀಳುತ್ತಿದ್ದ.

"ಮಾವಾ, ಒಂದ್ಸಲ ಬಿದ್ದು ತೋರ್ಸು," ಎಂದು ಮಕ್ಕಳು ಬೆನ್ನು ಹತ್ತಿದವು. "ಟಿಕೇಟಿನ ಕಾಸು ಉಳಿಯುತ್ತೆ."

ಬೇಕರಿಯ ಟೂರಾಳೊಡನೆ ವಸಂತದಲ್ಲಿ ಅವನ ಮದುವೆ ನಿಶ್ಚಯವಾಗಿತ್ತು. ಅವಳೂ ಒಂದು ಬೇಲಿಯ ಮುಂದೆ ನಿಂತು ನಗುತ್ತಿದ್ದಳು. ಅವನನ್ನು ಕಂಡೊಡನೆ ಕೈಗವಸಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ನಕ್ಕದ್ದನ್ನು ಅವನು ಮರೆಯಬಹುದಾಗಿತ್ತು. ಬಾಯಿ ಮುಚ್ಚಿಕೊಂಡದ್ದನ್ನು ಮರೆಯಲಾಗಲಿಲ್ಲ. ಆ ಮದುವೆ ನಡೆಯಲಿಲ್ಲ.

ಕಲ್ಲಿನ ಮೇಲೆ ಬರೆದು ಹಾಳೆಗೆ ಒತ್ತುವ ಕಲ್ಲಚ್ಚಿನ ಮನೆಗೆ ಅವನು ಹೋದಾಗ ಅಲ್ಬಿನ್ ಮರಳು ನೀರು ಹಾಕಿ ಅದೇ ಕಲ್ಲನ್ನು ಉಜ್ಜುತ್ತಿದ್ದ. ಅಚ್ಚಾದ ಚಿತ್ರವನ್ನು ಅಳಿಸಿಯೇ ಮುಂದಿನದನ್ನು ಬರೆಯಬೇಕು.

"ಅದು ನೀನಲ್ಲ," ಎಂದ ಅಲ್ಬಿನ್, ತಲೆ ಎತ್ತದೆ.

"ಮತ್ಯಾರು?"

"ಕಲ್ಲಿನ ಮೇಲೆ ಎಲ್ಲಾನೂ ತಿರುಗಿಸಿ ಬರೀಬೇಕು, ಆಗ ಹಾಳೇಲಿ ನೆಟ್ಟಗೆ ಬರುತ್ತೆ. ಅಕ್ಷರ ತಿರುಗಿಸಿದೆ. ಮನುಷ್ಯನ್ನ ಬೇಕಂತಲೇ ತಿರುಗಿಸಲಿಲ್ಲ. ಹೋಗಿ ನೋಡು, ಹಾಳೇಲಿ ಅವನಿಗೆ ಊನ ಬಲಗಾಲು. ನಿಂದು ಎಡ."

"ನಗೋರು ಎಡ ಬಲ ನೋಡಿ ನಗ್ತಾರೇನಣ್ಣಾ?"

ಅಲ್ಬಿನ್ ಕಲ್ಲಿನ ಮೇಲೆ ನೀರು ಸುರಿದ. ಬೂದುಬಣ್ಣದ ಕೆಸರಾಗಿ ಆ ಕಾಲು ಹರಿದುಹೋಯಿತು. ಆದರೆ ಚಿತ್ರಮಂದಿರದ ಯಜಮಾನ ಮುಂದಿನ ಹಾಸ್ಯಚಿತ್ರಕ್ಕೂ ಅದೇ ಮನುಷ್ಯನನ್ನು ಕೇಳಿದ. ಅದರ ಮುಂದಿನದಕ್ಕೂ ಕೇಳಿದ. ಅಲ್ಬಿನ್ ಬರೆದುಕೊಟ್ಟ. ಮಾತಿನ ಚಿತ್ರಗಳು ಬಂದ ಮೇಲೆ ಬರೆಯುವವನನ್ನು ಕೇಳುವವರಿಲ್ಲವಾಗಿ, ಕಣ್ಣು ಮಂಜಾಗುವವರೆಗೆ ಅವನು ಹೆರಿಂಗ್ ಮೀನಿನ ಡಬ್ಬಗಳಿಗೆ ಚೀಟಿ ಬರೆದ. ಹಾಸ್ಯಚಿತ್ರಗಳ ಒಂದು ಹಾಳೆಯನ್ನೂ ಯಾರೂ ಎತ್ತಿಡಲಿಲ್ಲ. ಒಂದರ ಮೇಲೊಂದು ಅಂಟಿಸಿದರು. ಮಳೆ ಎಲ್ಲವನ್ನೂ ಇಳಿಸಿತು.

* * *

ಸ್ಮಶಾನದ ದಾರಿಗೆ, ಕಾಲು ಜಾರದಿರಲೆಂದು, ಸ್ಪ್ರೂಸ್ ಮರದ ಸೊಪ್ಪನ್ನು ತರಿದು ಹಾಸಿದ್ದರು. ಹಿಲ್ಮರ್ ಪೆಟ್ಟಿಗೆಯ ಎಡಬದಿಯ ಮುಂದಿನ ಹಿಡಿಯನ್ನು ಬಲಗೈಯಲ್ಲಿ ಹಿಡಿದೆತ್ತಿದ. ಭಾರವೆಲ್ಲ ಗಟ್ಟಿಯಾದ ಬಲಗಾಲಿಗೆ ಇಳಿಯಿತು. ಊನಗಾಲು ಹೊರಬದಿಯಲ್ಲಿ ಹಗುರವಾಗಿ ಉಳಿಯಿತು. ಆಚೆ ಬದಿಯಲ್ಲಿ ನಿಂತಿದ್ದರೆ ಅವನಿಂದ ಹೆಜ್ಜೆ ಎತ್ತಲಾಗುತ್ತಿರಲಿಲ್ಲ. ಅಲ್ಬಿನ್ ಆ ಕಾಲಿನ ಲೆಕ್ಕವನ್ನು ಸಾಯುವವರೆಗೂ ಮರೆತಿರಲಿಲ್ಲ.

"ನಿಧಾನ," ಎಂದ ಪೆಟ್ಟಿಗೆಯ ಆಚೆಯಿಂದ ರಾಗ್ನರ್. "ಸೊಪ್ಪು ಇಲ್ಲಿಗೆ ಮುಗೀತು."

ಮುಂದಿನ ಹೆಜ್ಜೆಗೆ ಎಡಗಾಲು ಜಾರಿ ಮೇಲೆದ್ದಿತು. ದೇಹ ಹಿಂದಕ್ಕೆ ವಾಲಿತು, ಎಡತೋಳು ರೆಕ್ಕೆಯಂತೆ ಚಾಚಿತು, ಟೋಪಿ ಹಾರಿತು. ಹಿಡಿಯನ್ನು ಮಾತ್ರ ಅವನು ಬಿಡಲಿಲ್ಲ. ಪೆಟ್ಟಿಗೆ ಒಂದಿಷ್ಟು ಓಲಿ, ನಿಂತಿತು. ಅಣ್ಣನ ಭಾರಕ್ಕೆ ಜೋತುಬಿದ್ದು ಹಿಲ್ಮರ್ ಒಂದು ಕಾಲನ್ನು ಗಾಳಿಯಲ್ಲಿಟ್ಟುಕೊಂಡು ಉಳಿದ. ಆಮೇಲೆ ಆ ಕಾಲು ನೆಲ ಕಂಡಿತು.

ಅವನು ಕಿವಿಗೊಟ್ಟು ಕಾದ. ಹಿಂದಿನಿಂದ ಬಂದದ್ದು ಚಳಿಗೆ ಸಿಕ್ಕ ಉಸಿರು ಮಾತ್ರ. ಕಿರಿಯರು ಆ ಭಿತ್ತಿಪತ್ರಗಳನ್ನು ಕಂಡವರಲ್ಲ. ಮುದುಕರಾಗಿ ಉಳಿದ ಕೆಲವರು ತಮ್ಮ ತಮ್ಮ ಪಾದಗಳನ್ನೇ ನೋಡಿಕೊಂಡು ನಡೆಯುತ್ತಿದ್ದರು. ನಗಬೇಕಾದವರಲ್ಲಿ ಬಹುಮಂದಿ ಆ ದಾರಿಯ ಎರಡೂ ಬದಿಗೆ ಕಲ್ಲುಗಳಡಿ ಮಲಗಿದ್ದರು.

ರಾಗ್ನರನ ಕಣ್ಣು ತುಂಬಿತ್ತು. "ಹಾಳೇಲಿ ಇದ್ದದ್ದು ಬಲ. ಇದು ಎಡಗಾಲು ಕಣೋ," ಎಂದ, ಮೆಲ್ಲಗೆ.

ಟೋಪಿ ಅಂಚಿನ ಮೇಲೆ ನಿಂತು ಚಕ್ರದಂತೆ ಉರುಳುತ್ತ ಹೋಗಿ, ತೆರೆದ ಗುಂಡಿಯೊಳಗೆ ಬಿತ್ತು. ಗುಂಡಿ ತೋಡಿದವನು ಕೊಕ್ಕೆಕೋಲು ಎತ್ತಿಕೊಂಡ.

"ತೆಗೀಲಾ, ಯಜಮಾನ್ರೇ?"

ಕಪ್ಪು ಮುಸುಕಿನೊಳಗಿಂದ ಎಡ್ಲಾ ಮೈದುನನ ಕಡೆ ತಿರುಗಿದಳು. ಹಿಲ್ಮರನ ಬೋಳುತಲೆಯ ಮೇಲೆ ಮಂಜು ಕೂರುತ್ತಿತ್ತು.

"ಬೇಡ," ಎಂದ ಅವನು. "ಇಳಿಸಿ."

ಹಗ್ಗಗಳು ಜರುಗಿದವು. ಪೆಟ್ಟಿಗೆ ಕೆಳಗೆ ಮುಟ್ಟುವ ಮೊದಲು, ಒಣಗಿದ ಹಳೆಯ ಟೋಪಿ ಅದರ ಅಡಿಯಲ್ಲಿ ಮೆಲ್ಲನೆ ಮುರಿದ ಸದ್ದು ಕೇಳಿಸಿತು.