ಅಮ್ಮನಿಗೂ ಒಂದು ಸೀಟು

ಕಟಕೋಳದ ಎರೆಭೂಮಿಗೆ ಒಂದು ಮಳೆ ಬಿದ್ದರೆ ಸಾಕು, ಹೊಲದ ದಾರಿ ಹಿಡಿದ ಚಪ್ಪಲಿಯನ್ನು ಬಿಡುವುದಿಲ್ಲ. ಸೈಕಲ್ಲಿನ ಗಾಲಿಗೆ ಮಣ್ಣು ಮೆತ್ತಿ, ಕೊನೆಗೆ ಸೈಕಲ್ಲನ್ನೇ ಮನುಷ್ಯ ಹೊತ್ತು ತರಬೇಕು. ಪಂಪ್‌ಸೆಟ್ ರಿಪೇರಿ ಮಾಡುವ ರಫೀಕನ ಪಾಡು ಪ್ರತಿ ಮಳೆಗಾಲವೂ ಇದೇ ಆಗಿತ್ತು. ಒಂದು ಹೆಗಲಿಗೆ ಸಾಮಾನಿನ ಚೀಲ, ಇನ್ನೊಂದು ಹೆಗಲಿಗೆ ಸೈಕಲ್ಲು. ಇದು ಎರಡು ಸಾವಿರದ ನಾಲ್ಕನೇ ಇಸವಿಯ ಮಾತು.

"ಈ ಸಲ ಮೋಟಾರ್ ಸೈಕಲ್ ತಗೊಳ್ಳಾಂವನ" ಎಂದು ಅವನು ಹೇಳಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ತಾಯಿ ಜೈಬುನ್ನಿಸಾ. ಸಿರಸಂಗಿಗೆ ಕೊಟ್ಟ ಮಗಳು ಜನ್ನತಳಿಗೆ ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಗಿತ್ತು. ಕೂಸು ಆಗಲೇ ಬೋರಲು ಬೀಳುತ್ತಿದೆಯಂತೆ, ಅಜ್ಜಿ ಮಾತ್ರ ಇನ್ನೂ ಅದರ ಮುಖ ನೋಡಿಲ್ಲ. ತುಂಬಿದ ಬಸ್ಸಿನಲ್ಲಿ ನಿಂತು ಹೋಗಲು ಅವಳ ಮೊಣಕಾಲು ಒಪ್ಪುವುದಿಲ್ಲ. ಬಸ್ಸು ಇಳಿದರೂ ಜನ್ನತಳ ತೋಟದ ಮನೆಗೆ ಕೆಸರಿನಲ್ಲಿ ದೂರ ನಡೆಯಬೇಕು.

ಆ ಮನೆಯಲ್ಲಿ ಒಂದು ರೂಢಿಯಿತ್ತು. ಹೊಸ ಗಾಡಿ ಯಾವುದೇ ಬರಲಿ, ಮೊದಲು ಹಿಂದೆ ಕೂರುವವಳು ಮನೆಯ ಹಿರಿಯ ಹೆಂಗಸು. ರಫೀಕನ ತಂದೆ, ತೀರಿಹೋದ ಬಾಬಾಜಾನ, ಸೈಕಲ್ ತಂದ ದಿನ ಕ್ಯಾರಿಯರ್ ಮೇಲೆ ಹೊದೆಯುವ ಕೌದಿ ಮಡಚಿ ಹಾಕಿ, ಹೆಂಡತಿಯನ್ನು ಕೂರಿಸಿಕೊಂಡು ಇಡೀ ಊರು ಸುತ್ತಿದ್ದ.

ಒಂದು ಬೆಳಿಗ್ಗೆ ಬೈಲಹೊಂಗಲದ ಗೆಳೆಯ ಸಾಜಿದ್ ತನ್ನ ಗಾಡಿ ಮಾರಲು ಬಂದ. ಅವನಿಗಿಂತ ಮೊದಲು ಅವನ ಗಾಡಿಯ ಸದ್ದು ಬಂತು. ಕೋಳಿಗಳೆಲ್ಲ ದಿಕ್ಕಾಪಾಲಾದವು.

"ಮಣ್ಣಿನ ರೇಸಿನಾಗ ಓಡಿದ ಗಾಡಿ ಇದು!" ಎಂದ ಸಾಜಿದ್. "ನಾನ ಲೈಟ್ ಕೂಡ್ಸೇನಿ, ಹಾರ್ನ್ ಹಾಕೇನಿ, ನಂಬರ್ ಪ್ಲೇಟ್ ಬಡ್ದೇನಿ. ಈಗ ರೋಡಿಗೂ ಆತು, ಕೆಸರಿಗೂ ಆತು. ಒಂದ್ ಸುತ್ತ ಹೊಡಕೊಂಡು ಬಾ."

ರಫೀಕ್ ಕೆಸರಿನ ದಾರಿಯಲ್ಲಿ ಒಂದು ಸುತ್ತು ಹೋಗಿಬಂದ. ಗಾಡಿ ಜಿಂಕೆಯಂತೆ ಹಾರಿತ್ತು. ಇಳಿದಾಗ ಅವನು ಹಿಗ್ಗಿ ಹೀರೇಕಾಯಿಯಾಗಿದ್ದ.

ಪಕ್ಕದ ಮನೆಯ ಗಂಗಾ ಅಷ್ಟು ಹೊತ್ತಿಗೆ ಬಾಗಿಲಿಗೆ ಬಂದಿದ್ದಳು. ಅವಳು ರಾಮದುರ್ಗದಲ್ಲಿ ವಾಹನ ವಿಮೆಯ ಏಜೆಂಟು. ಪ್ರಶ್ನೆ ಕೇಳದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ.

"ಈ ನಂಬರ್ ಯಾವ ಗಾಡೀದೋ ಸಾಜಿದ್?"

"ನನ್ನ ಹಳೇ ಗಾಡೀದು, ಅಕ್ಕಾ. ಅದು ಗುಜರಿಗೆ ಹೋತು. ನಂಬರ್ ಯಾಕ ಸುಮ್ನ ಕೆಡಸೂದು ಅಂತ..."

ಗಂಗಾ ನಕ್ಕೇಬಿಟ್ಟಳು. "ಸತ್ತಾವನ ರೇಷನ್ ಕಾರ್ಡಿನ ಮ್ಯಾಲ ಬದುಕಿದ್ದಾವ ಅಕ್ಕಿ ತಂದಂಗಾತು ಬಿಡಪಾ!"

ರಫೀಕನ ಮುಖ ಸಪ್ಪಗಾಯಿತು. "ಇರ್ಲಿ ಬಿಡ ಅಕ್ಕಾ. ನಮ್ಮ ಹೊಲದ ದಾರೀಗೆ ಪೊಲೀಸರು ಯಾಕ ಬರ್ತಾರ?"

"ಪೊಲೀಸರ ಮಾತು ಬಿಡು, ತಮ್ಮಾ. ನಾಳೆ ಯಾರಿಗರೆ ಬಡೀತಂದ್ರ? ಆರ್‌ಸಿ ಪುಸ್ತಕದಾಗಿನ ಚಾಸಿ ನಂಬರ್ ಒಂದು, ಗಾಡೀದು ಇನ್ನೊಂದು. ವಿಮಾದವರು ಕೈ ಎತ್ತತಾರ. ಬಡಿಸ್ಕೊಂಡಾವ ಏನ್ ಮಾಡಬೇಕು, ನೀ ಏನ್ ಮಾಡಬೇಕು? ರೇಸಿನ ಗಾಡಿ ಮೈದಾನದಾಗ ಓಡಾಕ ಮಾಡಿದ್ದು. ಲೈಟ್ ಹಾಕಿದ ಕೂಡ್ಲೆ ರೋಡಿನ ಗಾಡಿ ಆಗಂಗಿಲ್ಲ. ಏನ ಬದಲಿ ಮಾಡಿದ್ರೂ ಆರ್‌ಟಿಒ ಒಪ್ಪಬೇಕು, ಆರ್‌ಸಿ ಪುಸ್ತಕದಾಗ ಏರಿಸಬೇಕು."

ರಫೀಕನ ತಲೆಗೆ ಇದು ಹೋಗಲಿಲ್ಲ. ಮನಸ್ಸು ಗಾಡಿಯ ಮೇಲೆ ಕೂತಾಗಿತ್ತು. ಅದೇ ಹೊತ್ತಿಗೆ ಜೈಬುನ್ನಿಸಾ ಹಬ್ಬದ ಸೀರೆ ಉಟ್ಟು, ಬಗಲಲ್ಲಿ ಕೌದಿ ಇಟ್ಟುಕೊಂಡು ಹೊರಗೆ ಬಂದಳು.

"ನಡಿ ಬೇಟಾ, ಸಿರಸಂಗಿಗೆ!"

ಗಾಡಿಗೆ ಹಿಂದಿನ ಸೀಟೇ ಇರಲಿಲ್ಲ. ರಫೀಕ್ ಅದನ್ನು ಗಮನಿಸಿಯೇ ಇರಲಿಲ್ಲ. ಆದರೆ ಅಪ್ಪ ಹಾಕಿಕೊಟ್ಟ ದಾರಿ ಇತ್ತಲ್ಲ, ಹಿಂದಿನ ಮಡ್‌ಗಾರ್ಡಿನ ಮೇಲೆ ಕೌದಿ ಮಡಚಿ ಹಗ್ಗದಿಂದ ಬಿಗಿದ. ಸ್ಟ್ಯಾಂಡೂ ಇಲ್ಲದ ಗಾಡಿಯನ್ನು ಮನೆಯ ಕಟ್ಟೆಗೆ ಒರಗಿಸಿದ.

"ಗಾಡಿ ಚಾಲೂ ಮಾಡಬ್ಯಾಡ" ಎಂದಳು ಗಂಗಾ. "ಮೊದಲ ಚಾಚಿ ಕುಂದರ್ಲಿ."

ಜೈಬುನ್ನಿಸಾ ಕಟ್ಟೆಯ ಮೇಲಿಂದ ಸರಿದು ಕೂತಳು. ಪ್ಲಾಸ್ಟಿಕ್ಕಿನ ಮಡ್‌ಗಾರ್ಡು ಮೆಲ್ಲಗೆ ಬಾಗಿ ಗಾಲಿಗೆ ತಾಗಿತು. ಹಿಡಿಯಲು ಹಿಡಿಕೆ ಇಲ್ಲ, ಕಾಲಿಡಲು ಆಸರೆ ಇಲ್ಲ.

"ಕಾಲು ಎಲ್ಲಿಡ್ಲೋ ರಫೀಕ್ಯಾ? ನಿನ್ನ ಹೆಗಲ ಮ್ಯಾಲ ಇಡ್ಲೇನು?"

ಓಣಿಯೇ ನಕ್ಕಿತು. ರಫೀಕನೂ ನಗುತ್ತ ಕೆಳಗೆ ನೋಡಿದ, ನಗು ಅಲ್ಲೇ ನಿಂತಿತು. ಅಮ್ಮನ ಸೆರಗು ಜಾರಿ ಮುಚ್ಚಳವಿಲ್ಲದ ಚೈನಿನ ಮೇಲೆ ಬಿದ್ದಿತ್ತು. ಎಂಜಿನ್ ಚಾಲೂ ಇದ್ದಿದ್ದರೆ? ಅವನು ಸೆರಗು ಬಿಡಿಸಿ, ಅಮ್ಮನನ್ನು ಎರಡೂ ಕೈಯಿಂದ ಎತ್ತಿ ಕಟ್ಟೆಯ ಮೇಲೆ ಕೂರಿಸಿದ.

ಸಾಜಿದನೂ ತಲೆ ಕೆರೆದುಕೊಂಡ. "ಖರೇ ಐತಿ ಚಾಚಿ. ರೇಸಿನಾಗ ಯಾರೂ ತಾಯೀನ ಕೂಡಿಸ್ಕೊಂಡು ಓಡಸಂಗಿಲ್ಲ."

"ಹಂಗಾರ ನಾ ಕೆಸರಿನಾಗ ಸೈಕಲ್ ಹೊರೂದನ ಏನ್ ಅಕ್ಕಾ?" ಎಂದ ರಫೀಕ್.

"ಯಾಕ ಹೊರ್ತಿ? ಡಾಂಬರಿಗೂ ಹೊಲದ ದಾರೀಗೂ ಅಂತ ಕಂಪನಿಯವರ ಮಾಡಿದ ಗಾಡಿ ಇರ್ತಾವು. ಸವದತ್ತಿ ಬೀಜದ ಅಂಗಡಿ ನಿಜಗುಣಪ್ಪನವರ ಕಡೆ ಒಂದೈತಿ, ಮಾರಾಕ ನಿಂತಾರ. ಗಾಲಿ ಒರಟು, ಮೈ ಎತ್ತರ. ಇದಕ್ಕಿಂತ ಭಾರ ಐತಿ, ಹಿಂಗ ಹಾರಂಗಿಲ್ಲ."

"ಹಾರೂದು ಬ್ಯಾಡ. ಮನಿ ಮುಟ್ಟಿದ್ರ ಸಾಕು" ಎಂದ ರಫೀಕ್.

ನಿಜಗುಣಪ್ಪ ಗಾಡಿ ತಂದು ತೋರಿಸಿದರು. ಈ ಸಲ ಪರೀಕ್ಷೆ ಮಾಡಿದ್ದು ಜೈಬುನ್ನಿಸಾ. ಹೆಣ್ಣು ನೋಡಲು ಹೋದವರ ಹಾಗೆ ಸುತ್ತಲೂ ತಿರುಗಿದಳು. ಹಿಡಿಕೆ ಜಗ್ಗಿದಳು, ಫುಟ್‌ರೆಸ್ಟ್ ತುಳಿದಳು, ಸೀರೆ ಗಾರ್ಡು ಅಲುಗಾಡಿಸಿ "ಗಟ್ಟಿ ಐತಿ" ಎಂದಳು. ರಫೀಕ್ ಬಗ್ಗಿ ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಪುಸ್ತಕಕ್ಕೆ ತಾಳೆ ನೋಡಿದ. ಪುಸ್ತಕ ಅವನ ಹೆಸರಿಗೆ ಬಂದು, ವಿಮೆ ಆಗುವವರೆಗೂ ಗಾಡಿ ಅಂಗಳ ದಾಟಲಿಲ್ಲ.

ಹೊರಡುವ ದಿನ ಹೆಲ್ಮೆಟ್ ಕಂಡು ಜೈಬುನ್ನಿಸಾ ಗೊಣಗಿದಳು. "ಇದೇನ, ತಲಿ ಮ್ಯಾಲ ಬೋಗಾಣಿ?"

"ಕೂಸಿನ ಮುಖ ನೋಡಾಕ ತಲಿ ಬೇಕಲ್ಲಮ್ಮಾ" ಎಂದ ರಫೀಕ್. ಅವಳು ತೆಪ್ಪಗೆ ಹಾಕಿಕೊಂಡಳು.

ಡಾಂಬರು ಮುಗಿದು ಕೆಸರು ಬಂತು. ಗಾಡಿ ಅತ್ತಿತ್ತ ವಾಲಿತು, ರಫೀಕ್ ನಿಧಾನ ಮಾಡಿದ, ಅಮ್ಮ ಹಿಡಿಕೆ ಬಿಡಲಿಲ್ಲ. ತೋಟದ ಮನೆ ಬಂದಾಗ ಜನ್ನತ ಓಡಿಬಂದು ಕೂಸನ್ನು ತಾಯಿಯ ಮಡಿಲಿಗೆ ಹಾಕಿದಳು. ಹೆಲ್ಮೆಟ್ ಕಂಡ ಕೂಸು ಚೀರಿತು, ತೆಗೆದ ಕೂಡಲೇ ಬಾಯಿ ತುಂಬ ನಕ್ಕಿತು. ಜೈಬುನ್ನಿಸಾ ಕಣ್ಣೀರು ಒರೆಸಿಕೊಳ್ಳಲೂ ಮರೆತಳು.

ಸಂಜೆ ರಫೀಕ್ ಕರೆದ. "ಅಮ್ಮಾ, ಹೊರಡೂಣೇನು?"

"ನೀ ಹೋಗಪಾ. ನಾ ನಾಕ್ ದಿನ ಬಿಟ್ಟು ಬರ್ತೇನಿ. ಹೆಂಗೂ ನನಗೊಂದು ಸೀಟು ಐತೆಲ್ಲ!"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಗೂ ಗಾಡಿ ಬರಲಿ. ಆದರೆ ಲೈಟು, ಹಾರ್ನು ಕಂಡು ಮರುಳಾಗಬೇಡಿ. ಆರ್‌ಸಿ ಪುಸ್ತಕದ ನಂಬರು ಗಾಡಿಯ ಮೈಮೇಲಿನ ನಂಬರಿಗೆ ಕೂಡುತ್ತದೆಯೇ ನೋಡಿ, ವಿಮೆ ಮಾಡಿಸಿ, ಇಬ್ಬರಿಗೂ ಹೆಲ್ಮೆಟ್ ಕೊಳ್ಳಿ. ಇಷ್ಟೆಲ್ಲಕ್ಕಿಂತ ಮೊದಲು, ನಾಳೆ ನಿಮ್ಮನ್ನು ನಂಬಿ ಹಿಂದೆ ಕೂರುವವರನ್ನು, ಗಾಡಿ ನಿಂತಿರುವಾಗಲೇ ಒಮ್ಮೆ ಕೂರಿಸಿ, "ಆರಾಮ ಐತೇನು?" ಎಂದು ಕೇಳಿ. ಅವರು ಹೂಂ ಎಂದರೆ ಮಾತ್ರ ಕೊಳ್ಳಿ.