ಬೆನ್ನಿನ ಪಂಪು

"ಏ ಸೂಳಿಮಗನ, ಸಾಲಿನ ನಡುವ ಯಾಕ ನಿಂತಿ? ಬಿಸಲ ಏರಾಕತ್ತೈತಿ, ಎಣ್ಣಿ ಹೊಡಿ!"

ಬದುವಿನ ಮೇಲಿಂದ ಬಸಂತರಾಯಗೌಡ ಕೂಗಿದ. ಹತ್ತಿಯ ಸಾಲಿನಲ್ಲಿ ಕೂಲಿಯಾಳು ಅಮಸಿದ್ದ ಬೆನ್ನಿಗೆ ಕೀಟನಾಶಕದ ಪಂಪು ಕಟ್ಟಿಕೊಂಡು ತೂರಾಡುತ್ತಿದ್ದ.

"ಮುಚ್ಚಳ ಸೋರಾಕತ್ತೈತ್ರಿ ಗೌಡ್ರ. ಬೆನ್ನ ಸುಡತೈತಿ."

"ನಿನ್ನ ಬೆನ್ನೇನ ಬಂಗಾರದ್ದಾ? ನಡಿಯಲೇ."

ಹೋದ ವರ್ಷದ ಪಂಪೂ ಸೋರುತ್ತಿತ್ತು. ಆಗ ಬೆಂಗಳೂರಿನ ಕಾರ್ಖಾನೆಯಿಂದ ಒಬ್ಬ ಸಾಹೇಬ ಈ ಕನ್ನೊಳ್ಳಿ ಊರಿಗೆ ಬಂದು, ಹೊಸ ಪಂಪು ಹೇಗಿರಬೇಕೆಂದು ಗೌಡನ ಪಡಸಾಲೆಯಲ್ಲಿ ಕೂತು ಕೇಳಿದ್ದ.

"ಡಬ್ಬಿ ದೊಡ್ಡದ ಮಾಡ್ರಿ. ಗಳಿಗಿಗೊಮ್ಮಿ ನೀರ ತುಂಬಾಕ ಬರ್ತಾವ, ಮೈಗಳ್ಳ ನನ್ನ ಮಕ್ಕಳು" ಎಂದಿದ್ದ ಗೌಡ. ಸಾಹೇಬ ಬರೆದುಕೊಂಡ. ಅಂಗಳದಲ್ಲಿ ನಿಂತಿದ್ದ ಅಮಸಿದ್ದನನ್ನು ಯಾರೂ ಕೇಳಲಿಲ್ಲ. ಈ ವರ್ಷ ದೊಡ್ಡ ಡಬ್ಬಿ ಬಂತು. ಮುಚ್ಚಳ ಅದೇ.

ಮಧ್ಯಾಹ್ನ ಅಮಸಿದ್ದ ಸಾಲಿನಲ್ಲೇ ಕುಸಿದ. ಬಾಯಲ್ಲಿ ನೊರೆ, ಕೈಕಾಲು ಅದುರುತ್ತಿದ್ದವು. ನೀರು ಹೊರುತ್ತಿದ್ದ ಹೆಂಡತಿ ರೇವವ್ವ ಕೊಡ ಬಿಸಾಕಿ ಓಡಿಬಂದು, ಪಂಪು ಬಿಚ್ಚಿ ಅಂಗಿ ಎಳೆದಳು. ಅಂಗಿಯ ಜೊತೆ ಚರ್ಮವೂ ಬಂತು.

ಅದೇ ಹೊತ್ತಿಗೆ ಬದುವಿನ ಬಳಿ ಸಾಹೇಬನ ಜೀಪು ನಿಂತಿತು. ಹೊಸ ಪಂಪಿನ ಬಗ್ಗೆ ಕೇಳಲು ಒಬ್ಬನೇ ಬಂದಿದ್ದ.

"ಭಾರಿ ಛಲೋ ಐತ್ರಿ" ಎಂದ ಗೌಡ.

ರೇವವ್ವ ಜೀಪಿಗೆ ಅಡ್ಡ ಬಿದ್ದಳು. "ನನ್ನ ಗಂಡ ಸಾಯಾಕತ್ತಾನ್ರಿ, ಎಪ್ಪಾ. ಸಿಂದಗಿ ದವಾಖಾನಿಗೆ ಒಯ್ರಿ."

"ಕುಡದ ಬಿದ್ದಾನ, ಹಾದರಕ್ಕ ಹುಟ್ಟಿದವ" ಎಂದ ಗೌಡ.

ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದ. "ಮೈಯೆಲ್ಲ ವಿಷ ಇದೆಯಮ್ಮ, ಜೀಪಿಗೆ ಬೇಡ. ಗಾಡಿ ಕಟ್ಟಿಸಿಕೊಂಡು ಹೋಗಿ."

"ಎತ್ತಿನ ಗಾಡಿ ಮುಟ್ಟೂದ್ರಾಗ ಹೆಣಾ ಆಗತಾನ್ರಿ!"

ಸಾಹೇಬ ಗೌಡನ ಮುಖ ನೋಡಿದ.

ರೇವವ್ವ ಎದ್ದು ಸಾಲಿಗೆ ಹೋದಳು. ಪಂಪನ್ನು ತನ್ನ ಬೆನ್ನಿಗೆ ಏರಿಸಿಕೊಂಡು ಬಂದಳು. ಹಿಡಿಕೆ ಒತ್ತಿ ಒತ್ತಿ ಗಾಳಿ ತುಂಬಿ, ಕೊಳವೆಯ ಬಾಯನ್ನು ಸಾಹೇಬನ ಎದೆಗೆ ಹಿಡಿದಳು.

"ಹುಚ್ಚ ಹಿಡೀತೇನ ಬೋಸಡಿ?" ಗೌಡ ಮುನ್ನುಗ್ಗಿದ. ಕೊಳವೆ ಅವನ ಕಡೆ ತಿರುಗಿತು. ಅಲ್ಲೇ ನಿಂತ.

"ಗೌಡ್ರ, ತಲಿ ಹಿಡೀರಿ. ಸಾಹೇಬ್ರ, ನೀವು ಕಾಲ ಹಿಡೀರಿ."

"ನನ್ನ ಮೈಗೆ ಹತ್ತುತ್ತಮ್ಮ..." ಸಾಹೇಬ ಹಿಂದೆ ಸರಿದ.

"ಹತ್ತಲಿ."

ಇಬ್ಬರೂ ಅಮಸಿದ್ದನನ್ನು ಹೊತ್ತು ತಂದು ಜೀಪಿನ ಹಿಂಬದಿ ಸೀಟಿನಲ್ಲಿ ಮಲಗಿಸಿದರು. ಗೌಡ ಬದುವಿನಲ್ಲೇ ಉಳಿದ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ರೇವವ್ವ, ಜೀಪು ನಡೆಸುತ್ತಿದ್ದ ಸಾಹೇಬನ ಕುತ್ತಿಗೆಗೆ ಕೊಳವೆ ಹಿಡಿದಳು. ಅವಳ ಬೆನ್ನು ಉರಿಯತೊಡಗಿತ್ತು.

ಸಿಂದಗಿ ಇನ್ನೂ ದೂರವಿತ್ತು. ತೊಡೆಯ ಮೇಲೆ ಅಮಸಿದ್ದನ ಅದುರಾಟ ನಿಂತಿತು.

ಹಿಂದಿನ ನರಳಾಟ ಅಡಗಿದ್ದು ಸಾಹೇಬನಿಗೂ ತಿಳಿಯಿತು. ಜೀಪು ನಿಧಾನವಾಯಿತು. "ಹೋ... ಹೋದನೇನಮ್ಮ?"

ರೇವವ್ವ ಕೊಳವೆ ಇಳಿಸಲಿಲ್ಲ.

"ಹಿಂದ ನೋಡಬ್ಯಾಡ. ಗಾಡಿ ಹೊಡಿ."